ಧರ್ಮರಾಯನ ನಾಯಿಯೂ ನಮ್ಮ ಕಾರಿನ ಹಿಂದಿನ ಸೀಟೂ

ಮಹಾಭಾರತದ ಮಹಾಪ್ರಸ್ಥಾನ ಪರ್ವದ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಅಜ್ಜಿಯ ಬಾಯಿಂದಲೋ ಹರಿಕಥೆಯ ದಾಸರಿಂದಲೋ ಕೇಳಿದವರೇ. ತಮ್ಮಂದಿರನ್ನೂ ದ್ರೌಪದಿಯನ್ನೂ ಹಾದಿಯಲ್ಲಿ ಕಳೆದುಕೊಂಡು ನಡೆಯುತ್ತಿದ್ದ ಧರ್ಮರಾಯನ ಬಳಿಗೆ ದೇವೇಂದ್ರನು ರಥದೊಡನೆ ಬಂದು, ಏರು ಎನ್ನುತ್ತಾನೆ. ತನ್ನನ್ನು ನಂಬಿ ಹಿಂದೆಯೇ ಬಂದ ನಾಯಿಗೂ ಸ್ಥಳವಿದ್ದರೆ ಮಾತ್ರ ಏರುತ್ತೇನೆಂದು ಧರ್ಮರಾಯನು ಪಟ್ಟು ಹಿಡಿಯುತ್ತಾನೆ. ವಾಹನದಲ್ಲಿ ನಾಯಿಗೆ ಜಾಗ ಉಂಟೇ ಇಲ್ಲವೇ ಎಂಬ ವಾದ ಅಷ್ಟು ಪುರಾತನವಾದುದು. ಆದರೆ ಆ ನಾಯಿ ರಥದೊಳಗೆ ಎಲ್ಲಿ ಕೂರಬೇಕಾಗಿತ್ತು, ಕುದುರೆಗಳನ್ನು ಕಂಡು ಬೊಗಳಿದ್ದರೆ ಏನು ಮಾಡಬೇಕಾಗಿತ್ತು ಎಂಬುದನ್ನು ವ್ಯಾಸರು ಹೇಳಲಿಲ್ಲ. ಅದು ಸಾಕ್ಷಾತ್ ಧರ್ಮದೇವತೆಯೇ ಆಗಿ ತನ್ನ ನಿಜರೂಪವನ್ನು ತೋರಿದ್ದರಿಂದ ಪ್ರಶ್ನೆಯೇ ಉಳಿಯಲಿಲ್ಲ. ನಮ್ಮ ನಾಯಿಗಳಾದರೋ ಪ್ರಯಾಣದ ಉದ್ದಕ್ಕೂ ನಾಯಿಗಳಾಗಿಯೇ ಉಳಿಯುತ್ತವೆ. ಆದುದರಿಂದ ವ್ಯಾಸರು ಬಿಟ್ಟ ಜಾಗವನ್ನು ನಾವೇ ತುಂಬಿಕೊಳ್ಳಬೇಕಾಗಿದೆ.

ಅಮೆರಿಕಕ್ಕೆ ಬಂದು ನೆಲೆಸಿದ ಕನ್ನಡಿಗರ ಮನೆಗಳಲ್ಲಿ ನಾಯಿ ಸಾಕುವವರ ಸಂಖ್ಯೆ ಕಡಿಮೆಯೇನಿಲ್ಲ. ಹೆಚ್ಚಿನ ಕಡೆ ಮಕ್ಕಳ ಒತ್ತಾಯದಿಂದ ಮನೆಯೊಳಗೆ ಬಂದ ಪ್ರಾಣಿ, ಮಕ್ಕಳು ಕಾಲೇಜಿಗೆ ಹೋದ ಮೇಲೆ ತಂದೆ ತಾಯಿಯರ ಪಾಲಿಗೆ ಉಳಿದ ಕಿರಿಯ ಮಗುವಾಗಿಬಿಡುತ್ತದೆ. ಊರಿನಲ್ಲಿ ನಾಯಿ ಜಗಲಿಯ ಅಂಚಿನ ಜೀವಿ. ಅದು ವಾಹನವೇರುವ ಪ್ರಮೇಯವೇ ಇರಲಿಲ್ಲ. ಇಲ್ಲಿಯಾದರೋ ಪಶುವೈದ್ಯರ ಬಳಿಗೆ, ಉದ್ಯಾನಕ್ಕೆ, ಮಗಳ ಹಾಸ್ಟೆಲಿಗೆ, ಎಲ್ಲಿಗೆ ಹೋಗುವುದಾದರೂ ಅದು ಕಾರನ್ನೇರಲೇಬೇಕು. ಹೀಗೆ ಏರಿದ ನಾಯಿ ಸುಮ್ಮನೆ ಕೂರದಿದ್ದರೆ ಏನು ಮಾಡಬೇಕೆಂಬುದೇ ಈ ಲೇಖನದ ವಿಷಯ.

ನಾನು ವೃತ್ತಿಯಿಂದ ಇಂಜಿನಿಯರ್. ಮಿಷಿಗನ್ ರಾಜ್ಯದಲ್ಲಿ ಕಾರಿನ ಸೀಟು ಮತ್ತು ಸೀಟ್‌ಬೆಲ್ಟ್‌ಗಳ ವಿಭಾಗದಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ದುಡಿದವನು. ನಮ್ಮ ಮನೆಯ ನಾಯಿಯ ಹೆಸರು ಕರಿಯ. ಲ್ಯಾಬ್ರಡಾರ್ ತಳಿಗೆ ಬೇರಾವುದೋ ಬೇಟೆನಾಯಿಯ ರಕ್ತ ಬೆರೆತು ಹುಟ್ಟಿದ, 62 ಪೌಂಡು ತೂಗುವ ಗಟ್ಟಿ ದೇಹದವನು. ಒಂದೂವರೆ ವರ್ಷದವನಾಗಿದ್ದಾಗ ಪ್ರಾಣಿಗಳ ಆಶ್ರಯಧಾಮದಿಂದ ಅವನನ್ನು ತಂದೆವು. ಮನೆಯಲ್ಲಿ ಸಾಧು. ಕಾರಿನ ಬಾಗಿಲು ಮುಚ್ಚಿತೋ, ಅವನ ಮೈಯಲ್ಲಿ ಬಿರುಗಾಳಿ ಹೊಕ್ಕಂತೆ. ಎಡ ಕಿಟಕಿಯಿಂದ ಬಲ ಕಿಟಕಿಗೆ, ಬಲದಿಂದ ಹಿಂಬದಿಯ ಗಾಜಿಗೆ ಓಟ. ಎದುರಾದ ಪ್ರತಿಯೊಂದು ಟ್ರಕ್ಕಿಗೂ ಬೊಗಳುವಿಕೆ. ನಡುನಡುವೆ ಮುಂದಿನ ಎರಡು ಸೀಟುಗಳ ಮಧ್ಯೆ ತಲೆ ತೂರಿಸಿ ಗೇರಿನ ಮೇಲೆ ಜೊಲ್ಲು ಸುರಿಸುವುದು. ಆಶ್ರಯಧಾಮದಿಂದ ಮನೆಗೆ ತಂದ ಆ ಮೊದಲ ಹನ್ನೆರಡು ಮೈಲಿಗಳಲ್ಲಿಯೇ ಇದು ಕೇವಲ ತುಂಟತನದ ಸಮಸ್ಯೆಯಲ್ಲವೆಂಬುದು ನನಗೂ ನನ್ನ ಪತ್ನಿಗೂ ಮನವರಿಕೆಯಾಯಿತು.

ಅಪಾಯದ ಲೆಕ್ಕಾಚಾರ

ವಾಹನ ಹಠಾತ್ತನೆ ನಿಂತಾಗ ಅದರೊಳಗೆ ಕಟ್ಟಿಲ್ಲದ ಯಾವ ವಸ್ತುವೂ ವಾಹನದೊಡನೆ ನಿಲ್ಲುವುದಿಲ್ಲ. ಮೊದಲಿದ್ದ ವೇಗದಲ್ಲಿಯೇ ಮುಂದಕ್ಕೆ ಸಾಗಿ, ಅಡ್ಡ ಬಂದುದಕ್ಕೆ ಅಪ್ಪಳಿಸುತ್ತದೆ. ಗಂಟೆಗೆ 30 ಮೈಲಿ ಎಂದರೆ ನಮ್ಮ ಬಡಾವಣೆಯ ಬೀದಿಯ ವೇಗ. ಆ ವೇಗದಲ್ಲಿ ಡಿಕ್ಕಿಯಾದರೆ ನಾಯಿಗೆ ತಗಲುವ ಪೆಟ್ಟು, ಸುಮಾರು 30 ಅಡಿ ಎತ್ತರದಿಂದ ಅದು ನೆಲಕ್ಕೆ ಬಿದ್ದರೆ ಆಗುವ ಪೆಟ್ಟಿಗೆ ಸಮ. ಅಂದರೆ ಎರಡು ಅಂತಸ್ತಿನ ಮನೆಯ ಸೂರಿನ ಮೇಲಿನಿಂದ ಬಿದ್ದ ಹಾಗೆ. ವೇಗ ಇಮ್ಮಡಿಯಾದರೆ ಪೆಟ್ಟು ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗುತ್ತದೆ. ಹೆದ್ದಾರಿಯ 60 ಮೈಲಿ ವೇಗದಲ್ಲಿ ಅದು 120 ಅಡಿಯ ಪತನ. ಎರಡು ತೆಂಗಿನ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿ ತುದಿಯಿಂದ ಕೆಡವಿದ ಹಾಗೆ. ಆ 62 ಪೌಂಡಿನ ದೇಹ ಬೀಳುವುದು ಬರಿಯ ನೆಲದ ಮೇಲಲ್ಲ, ಮುಂದೆ ಕುಳಿತವರ ಕುತ್ತಿಗೆಯ ಮೇಲೆ. ನಾವು ಬೆಲ್ಟ್ ಹಾಕಿಕೊಂಡಿದ್ದರೂ ನಾಯಿಗೆ ಕಟ್ಟಿಲ್ಲದಿದ್ದರೆ ನಮ್ಮ ರಕ್ಷಣೆ ಅರ್ಧ ಮಾತ್ರ.

ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ನಾಯಿಯನ್ನು ಕೂರಿಸಿಕೊಳ್ಳುವುದು ಇನ್ನೂ ಅಪಾಯಕರ. ಕಣ್ಣೆವೆ ಇಕ್ಕುವುದಕ್ಕಿಂತ ಶೀಘ್ರವಾಗಿ ಉಬ್ಬುವ ಏರ್‌ಬ್ಯಾಗನ್ನು ಬೆಲ್ಟ್ ಧರಿಸಿದ ಮನುಷ್ಯನ ದೇಹವನ್ನು ಗಮನದಲ್ಲಿಟ್ಟುಕೊಂಡು ರೂಪಿಸಲಾಗಿದೆ. ಅದಕ್ಕೂ ನಮಗೂ ನಡುವೆ ಇರುವ ಪುಟ್ಟ ಪ್ರಾಣಿಗೆ ಆ ಉಬ್ಬುವಿಕೆಯೇ ಮಾರಕವಾಗಬಲ್ಲದು.

ಡಿಕ್ಕಿಯ ಪೆಟ್ಟಿಗಿಂತ ಅದರ ನಂತರದ ಕ್ಷಣಗಳು ಕೆಲವೊಮ್ಮೆ ಕ್ರೂರವಾಗಿರುತ್ತವೆ. ನಮಗೆ ಆತ್ಮೀಯವಾದ ಒಂದು ಕನ್ನಡ ಕುಟುಂಬದ ವಿಷಯ ಹೇಳಬೇಕು. ಒಂದು ಚಳಿಗಾಲದ ಸಂಜೆ, ಕೆಂಪು ದೀಪಕ್ಕೆ ನಿಂತಿದ್ದ ಅವರ ಕಾರಿಗೆ ಹಿಂದಿನಿಂದ ಮತ್ತೊಂದು ಕಾರು ಬಂದು ತಾಗಿತು. ಯಾರಿಗೂ ಗಾಯವಾಗಲಿಲ್ಲ. ಆದರೆ ಹಿಂಬಾಗಿಲು ತೆರೆದುಕೊಂಡಿತು, ಬೆದರಿದ ನಾಯಿ ಹೊರಗೆ ಹಾರಿ ಕತ್ತಲಲ್ಲಿ ಮಾಯವಾಯಿತು. ನಾಲ್ಕು ದಿನ ನಾವೆಲ್ಲ ಸೇರಿ ಹಿಮದಲ್ಲಿ ಹುಡುಕಿದೆವು, ಕಂಬಕಂಬಕ್ಕೂ ಚಿತ್ರ ಅಂಟಿಸಿದೆವು. ಐದನೆಯ ದಿನ ಅದು ಹೆದ್ದಾರಿಯ ಅಂಚಿನಲ್ಲಿ ಸಿಕ್ಕಿತು, ಜೀವವಿರಲಿಲ್ಲ. ಕಾರಿನ ದುರಸ್ತಿಗೆ ವಿಮೆ ಹಣ ಕೊಟ್ಟಿತು. ಒಂಬತ್ತು ವರ್ಷದ ಮಗಳು ಶಾಲೆಯಿಂದ ಬಂದೊಡನೆ ಹಿತ್ತಲ ಬಾಗಿಲು ತೆರೆದು ನಿಲ್ಲುವುದು ಮಾತ್ರ ಬಹಳ ತಿಂಗಳು ನಿಲ್ಲಲಿಲ್ಲ. ಕರಿಯ ನಮ್ಮ ಮನೆಗೆ ಬಂದದ್ದು ಇದಾದ ಮರುವರ್ಷ.

ಚಡಪಡಿಕೆಯ ಮೂಲವನ್ನು ಅರಿಯಬೇಕು

ಚಡಪಡಿಸುವ ನಾಯಿಯನ್ನು ಕಟ್ಟುವ ಮೊದಲು ಅದು ಏಕೆ ಚಡಪಡಿಸುತ್ತದೆಂದು ತಿಳಿಯಬೇಕು. ಕಾರಣಗಳು ಸಾಮಾನ್ಯವಾಗಿ ಮೂರು. ಮೊದಲನೆಯದು ವಾಕರಿಕೆ. ಸಮತೋಲವನ್ನು ಕಾಯುವ ಒಳಕಿವಿ ಪೂರ್ಣವಾಗಿ ಬೆಳೆಯದ ಮರಿಗಳಲ್ಲಿ ಇದು ಹೆಚ್ಚು. ಕೆಲವು ದೊಡ್ಡ ನಾಯಿಗಳಲ್ಲಿಯೂ ಉಳಿಯುತ್ತದೆ. ಮೇಲಿಂದ ಮೇಲೆ ಆಕಳಿಸುವುದು, ತುಟಿ ನೆಕ್ಕುವುದು, ಜೊಲ್ಲು ಸುರಿಸುವುದು ಇದರ ಲಕ್ಷಣಗಳು. ಎರಡನೆಯದು ಭಯ. ಕಾರು ಎಂದರೆ ವೈದ್ಯರ ಸೂಜಿ ಎಂದೋ, ಹಳೆಯ ಮನೆಯಿಂದ ದೂರವಾದ ದಿನ ಎಂದೋ ನೆನಪಿಟ್ಟುಕೊಂಡ ನಾಯಿ ನಡುಗುತ್ತದೆ, ಬಾಲವನ್ನು ಕಾಲುಗಳ ನಡುವೆ ಅಡಗಿಸುತ್ತದೆ. ಮೂರನೆಯದು ಉತ್ಸಾಹ. ಕಿಟಕಿಯಾಚೆ ಓಡುವ ಪ್ರತಿಯೊಂದು ವಸ್ತುವೂ ಬೇಟೆಯಂತೆ ಕಾಣುವ ಪ್ರಾಣಿಗೆ ಸುಮ್ಮನಿರುವುದಾದರೂ ಹೇಗೆ?

ಕರಿಯನಲ್ಲಿ ಮೊದಲನೆಯದೂ ಮೂರನೆಯದೂ ಕೂಡಿದ್ದವು. ವಾಕರಿಕೆಯನ್ನು ಪಶುವೈದ್ಯೆಯೇ ಗುರುತಿಸಿದರು. ನಾಯಿಗಳ ವಾಂತಿಯನ್ನು ತಡೆಯಲು ಮರೋಪಿಟೆಂಟ್ ಎಂಬ ಔಷಧಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2007ರಲ್ಲಿ ಅನುಮತಿ ನೀಡಿದೆ. ಅದರ ಮಾತ್ರೆಗಳನ್ನು ದೂರದ ಪ್ರಯಾಣಕ್ಕೆಂದು ಅವರು ಬರೆದುಕೊಟ್ಟರು. ಮನುಷ್ಯರ ನಿದ್ದೆಮಾತ್ರೆಯನ್ನು ಅರ್ಧ ಮುರಿದು ನಾಯಿಗೆ ಕೊಡುವವರ ಬಗ್ಗೆ ಕೇಳಿದ್ದೇನೆ. ದಯವಿಟ್ಟು ಯಾರೂ ಹಾಗೆ ಮಾಡಬಾರದು. ನಮಗೆ ನಿರುಪದ್ರವಿಯಾದ ಔಷಧ ನಾಯಿಗೆ ವಿಷವಾಗಬಲ್ಲದು.

ಕ್ರೇಟ್, ಹಾರ್ನೆಸ್, ಜಾಲರಿ

ನಾಯಿಯನ್ನು ಕಾರಿನಲ್ಲಿ ಒಂದೆಡೆ ನಿಲ್ಲಿಸಲು ಮುಖ್ಯವಾಗಿ ಮೂರು ಉಪಾಯಗಳಿವೆ: ಎದೆಗೆ ತೊಡಿಸುವ ಪಟ್ಟಿಗಳ ಹಾರ್ನೆಸ್, ಪೆಟ್ಟಿಗೆಯಂತಹ ಕ್ರೇಟ್, ಸೀಟಿನ ಹಿಂದೆ ಅಡ್ಡ ನಿಲ್ಲಿಸುವ ಜಾಲರಿ. ಅಂಗಡಿಯಲ್ಲಿ ಇವು ಸಾಲುಸಾಲಾಗಿ ತೂಗಾಡುತ್ತವೆ. ಎಲ್ಲದರ ಮೇಲೆಯೂ ‘ಸುರಕ್ಷಿತ’ ಎಂಬ ಪದ ದೊಡ್ಡ ಅಕ್ಷರಗಳಲ್ಲಿರುತ್ತದೆ. ಮಕ್ಕಳ ಸೀಟುಗಳಿಗೆ ಅಮೆರಿಕ ಸರ್ಕಾರದ ಕಡ್ಡಾಯ ಮಾನದಂಡವಿದೆ. ನಾಯಿಗಳ ಸಾಧನಗಳಿಗೆ ಅಂತಹ ಮಾನದಂಡವಿಲ್ಲ. ತಯಾರಕನ ಮಾತೇ ಪ್ರಮಾಣ.

ಈ ಕೊರತೆಯನ್ನು ತುಂಬಲು 2011ರಲ್ಲಿ ಸೆಂಟರ್ ಫಾರ್ ಪೆಟ್ ಸೇಫ್ಟಿ ಎಂಬ ಲಾಭರಹಿತ ಸಂಸ್ಥೆಯೊಂದು ಹುಟ್ಟಿಕೊಂಡಿತು. ನಾಯಿಯ ತೂಕ ಮತ್ತು ಆಕಾರದ ಬೊಂಬೆಗಳನ್ನು ಮಾಡಿ, ಮಕ್ಕಳ ಸೀಟನ್ನು ಪರೀಕ್ಷಿಸುವ ರೀತಿಯಲ್ಲಿಯೇ ಹಾರ್ನೆಸ್‌ಗಳನ್ನು ಪರೀಕ್ಷಿಸಿತು. ಸುಬಾರು ಕಂಪನಿಯ ಧನಸಹಾಯದಿಂದ ನಡೆದ 2013ರ ಪರೀಕ್ಷೆಯಲ್ಲಿ ಅಗ್ರಸ್ಥಾನ ದೊರೆತದ್ದು ಒಂದೇ ಒಂದು ಹಾರ್ನೆಸ್‌ಗೆ. ಉಳಿದವುಗಳಲ್ಲಿ ಹಲವು, ಬೊಂಬೆಯನ್ನು ಸೀಟಿನ ಮೇಲೆ ಹಿಡಿದಿಡಲಾರದೆ ಹೋದವು. 2015ರಲ್ಲಿ ಕ್ರೇಟ್‌ಗಳ ಪರೀಕ್ಷೆಯೂ ನಡೆಯಿತು. ಇಂದು ಆ ಸಂಸ್ಥೆ ತನ್ನ ಪರೀಕ್ಷೆಯಲ್ಲಿ ತೇರ್ಗಡೆಯಾದ ಸಾಧನಗಳಿಗೆ ಪ್ರಮಾಣಪತ್ರ ನೀಡುತ್ತದೆ. ಕೊಳ್ಳುವ ಮುನ್ನ ಸ್ವತಂತ್ರ ಪರೀಕ್ಷೆ ನಡೆದಿದೆಯೇ, ನಮ್ಮ ನಾಯಿಯ ತೂಕಕ್ಕೆ ನಡೆದಿದೆಯೇ ಎಂದು ಕೇಳುವುದು ನಮ್ಮ ಕರ್ತವ್ಯ.

ಹಾರ್ನೆಸ್ ಆಯ್ದುಕೊಳ್ಳುವವರು ಎದೆಯ ಭಾಗದ ಪಟ್ಟಿ ಅಗಲವಾಗಿರುವುದನ್ನು ನೋಡಬೇಕು. ಪೆಟ್ಟು ವಿಶಾಲವಾಗಿ ಹಂಚಿಹೋಗಬೇಕು. ಅದನ್ನು ಕಾರಿನ ಸೀಟ್‌ಬೆಲ್ಟ್‌ಗೆ ಬಿಗಿಯಾಗಿ ಜೋಡಿಸಬೇಕು. ಉದ್ದನೆಯ ಎಳೆಪಟ್ಟಿಗಳೂ, ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಕಟ್ಟಿದ ಹಗ್ಗದ ಮೇಲೆ ಜಾರುವ ಕೊಕ್ಕೆಗಳೂ ನಾಯಿಗೆ ಓಡಾಡಲು ಎಡೆ ಕೊಡುತ್ತವೆ. ಡಿಕ್ಕಿಯಾದಾಗ ಅಷ್ಟೇ ದೂರ ಎಸೆಯುತ್ತವೆ. ಕೊರಳಪಟ್ಟಿಗಂತೂ ಎಂದೂ ಕಟ್ಟಬಾರದು. ಅದು ನೇಣಿಗೆ ಸಮಾನ. ಸೀಟಿನ ಮೇಲೆ ತೊಟ್ಟಿಲಿನಂತೆ ತೂಗುಹಾಕುವ ಬಟ್ಟೆ ಸೀಟನ್ನು ಕೂದಲಿನಿಂದ ಕಾಪಾಡುತ್ತದೆ, ನಾಯಿಯನ್ನಲ್ಲ. ಜಾಲರಿಯು ನಾಯಿ ಮುಂದಕ್ಕೆ ಬರುವುದನ್ನು ತಡೆದೀತು. ಆದರೆ ಜಾಲರಿಯ ಹಿಂದೆ ಅದು ಕಟ್ಟಿಲ್ಲದೆಯೇ ಇರುತ್ತದೆ.

ಕರಿಯನು ಹಾರ್ನೆಸ್ಸಿನ ಪಟ್ಟಿಗಳನ್ನು ಹಲ್ಲಿನಿಂದ ಕಡಿಯುವ ಸ್ವಭಾವದವನು. ಆದುದರಿಂದ ನಾವು ಕ್ರೇಟ್ ಆಯ್ದುಕೊಂಡೆವು. ತಂತಿಯ ಕ್ರೇಟ್ ಮನೆಗೆ ಸಾಕು. ಡಿಕ್ಕಿಯಲ್ಲಿ ಅದು ಮಡಚಿಕೊಂಡು ತಂತಿಗಳು ಒಳಮುಖವಾಗಬಹುದು. ನಾವು ತಂದದ್ದು ಪರೀಕ್ಷೆಗೆ ಒಳಪಟ್ಟ, ದಪ್ಪ ಗೋಡೆಯ ಕ್ರೇಟ್. ಅದರಲ್ಲಿ ಅವನು ಎದ್ದು ನಿಲ್ಲಬಹುದು, ತಿರುಗಬಹುದು, ಮಲಗಬಹುದು. ಅದಕ್ಕಿಂತ ಹೆಚ್ಚು ಜಾಗವಿದ್ದರೆ ಡಿಕ್ಕಿಯ ಸಮಯದಲ್ಲಿ ಆ ಜಾಗವೇ ಶತ್ರು. ಸಾಮಾನಿಡುವ ಜಾಗದಲ್ಲಿ, ಹಿಂದಿನ ಸೀಟಿನ ಬೆನ್ನಿಗೆ ತಾಗಿದಂತೆ ಅದನ್ನಿರಿಸಿ, ಕಾರಿನ ನೆಲದ ಉಕ್ಕಿನ ಕೊಂಡಿಗಳಿಗೆ ತಯಾರಕರೇ ಸೂಚಿಸಿದ ಪಟ್ಟಿಗಳಿಂದ ಬಿಗಿದೆ. ಸಾಮಾನು ಕಟ್ಟುವ ರಬ್ಬರ್ ಹಗ್ಗ ಈ ಕೆಲಸಕ್ಕೆ ಒದಗದು; ಎಳೆದಾಗ ಹಿಗ್ಗುವುದೇ ಅದರ ಗುಣ.

ತಾಯಿಯವರ ಆಕ್ಷೇಪ

ಅದೇ ಸಮಯಕ್ಕೆ ನನ್ನ ತಾಯಿ ತೀರ್ಥಹಳ್ಳಿಯಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದರು. ಕ್ರೇಟನ್ನು ನೋಡಿ ಅವರ ಮುಖ ಬಾಡಿತು.

“ಊರಲ್ಲಿ ಕೋಳಿನ ಗೂಡಿಗೆ ಹಾಕ್ತಾರೆ, ನಾಯಿನಲ್ಲ ಕಣೋ. ಮನೆ ಮಗು ಇದ್ದ ಹಾಗೆ ಅಂತೀಯ, ಆಮೇಲೆ ಪೆಟ್ಟಿಗೆಗೆ ತುಂಬ್ತೀಯ. ಪಾಪ ಅಲ್ವೇನೋ?”

ಇದು ನನ್ನ ತಾಯಿಯೊಬ್ಬರ ಪ್ರಶ್ನೆಯಲ್ಲ. ನಾಯಿ ಸಾಕಿದ ನಮ್ಮ ಅನೇಕ ಮಿತ್ರರೂ ಇದನ್ನೇ ಕೇಳಿದ್ದಾರೆ. ತೋಟ ಗದ್ದೆಗಳ ನಡುವೆ ಸ್ವೇಚ್ಛೆಯಾಗಿ ಅಲೆದ ನಾಯಿಗಳನ್ನು ಕಂಡು ಬೆಳೆದ ನಮಗೆ ಬಂಧನವೆಂದರೆ ಶಿಕ್ಷೆ ಎಂಬ ಭಾವನೆ ಸಹಜವಾದುದು. ಆದರೆ ತೋಟದ ನಾಯಿ ತನ್ನ ಕಾಲಿನ ವೇಗದಲ್ಲಿ ಓಡುತ್ತದೆ, ಅಪಾಯವನ್ನು ತಾನೇ ಕಂಡು ನಿಲ್ಲುತ್ತದೆ. ಕಾರಿನೊಳಗಿನ ನಾಯಿ ತನ್ನದಲ್ಲದ ವೇಗದಲ್ಲಿ, ತಾನು ಕಾಣದ ಅಪಾಯದೆಡೆಗೆ ಸಾಗುತ್ತಿರುತ್ತದೆ. ಆ ವೇಗ ನಾವು ಕೊಟ್ಟದ್ದು. ಆದುದರಿಂದ ಅದರ ಹೊಣೆಯೂ ನಮ್ಮದೇ.

ಇಷ್ಟನ್ನೆಲ್ಲ ತಾಯಿಯವರಿಗೆ ಹೇಳಲು ಹೋಗಲಿಲ್ಲ. “ಅಮ್ಮ, ತೊಟ್ಟಿಲಿಗೆ ಸುತ್ತಲೂ ಪಟ್ಟಿ ಯಾಕೆ ಬಡಿದಿರ್ತಾರೆ?” ಎಂದು ಮಾತ್ರ ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಮರುದಿನ ಬೆಳಿಗ್ಗೆ ತಮ್ಮ ಹಳೆಯ ನೂಲಿನ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಕ್ರೇಟ್‌ನೊಳಗೆ ಹಾಸಿದ್ದರು.

ಆರು ವಾರಗಳ ಅಭ್ಯಾಸ

ಕ್ರೇಟ್ ಕೊಂಡ ದಿನವೇ ನಾಯಿಯನ್ನು ಅದರೊಳಗೆ ನೂಕಿ ಬಾಗಿಲು ಹಾಕಿದರೆ ಬಂಧನ ನಿಜವಾಗಿಯೂ ಶಿಕ್ಷೆಯಾಗುತ್ತದೆ. ಮೊದಲ ಎರಡು ವಾರ ಕ್ರೇಟ್ ನಮ್ಮ ಹಜಾರದಲ್ಲಿಯೇ ಇತ್ತು, ಬಾಗಿಲು ತೆರೆದೇ ಇತ್ತು. ಕರಿಯನ ಊಟದ ತಟ್ಟೆಯನ್ನು ಮೊದಲು ಅದರ ಹೊಸ್ತಿಲಲ್ಲಿ, ಅನಂತರ ಒಳಗೆ ಇಟ್ಟೆವು. ಸೀರೆಯ ಮೆತ್ತನೆಗೆ ಮನಸೋತು ಮಧ್ಯಾಹ್ನದ ನಿದ್ದೆಗೆ ಅವನಾಗಿಯೇ ಹೋಗತೊಡಗಿದ. ಆಮೇಲೆ ಬಾಗಿಲನ್ನು ಒಂದು ನಿಮಿಷ, ಐದು ನಿಮಿಷ, ಅರ್ಧ ಗಂಟೆ ಮುಚ್ಚಿದೆವು.

ಮೂರನೆಯ ವಾರ ಕ್ರೇಟ್ ಕಾರಿಗೆ ಹೋಯಿತು. ಕಾರು ಮನೆಯ ಮುಂದೆಯೇ ನಿಂತಿತ್ತು, ಎಂಜಿನ್ ಆರಿತ್ತು. ಒಳಗೆ ಹೋಗಿ ಕುಳಿತರೆ ಕ್ಯಾರೆಟ್ಟಿನ ಚೂರು. ಇಳಿದರೆ ಏನೂ ಇಲ್ಲ. ನಾಲ್ಕನೆಯ ವಾರ ಎಂಜಿನ್ ಚಾಲೂ ಆಯಿತು, ಆದರೆ ಕಾರು ಕದಲಲಿಲ್ಲ. ಐದನೆಯ ವಾರ ಬೀದಿಯ ಒಂದು ಸುತ್ತು. ಆರನೆಯ ವಾರ ಎರಡು ಮೈಲಿ ದೂರದ ಉದ್ಯಾನ. ಅಲ್ಲಿ ಆಟ, ಅನಂತರ ಮನೆ. ಯಾವ ಹಂತದಲ್ಲಾದರೂ ಅವನು ನಡುಗಿದರೆ, ಜೊಲ್ಲು ಸುರಿಸಿದರೆ, ಹಿಂದಿನ ಹಂತಕ್ಕೆ ಮರಳಿದೆವು. ಬೊಗಳಿದಾಗ ಗದರಲಿಲ್ಲ, ಮುದ್ದಿಸಲೂ ಇಲ್ಲ. ಮೌನವಾದ ಕ್ಷಣವನ್ನು ಕಾದು ಮೆಚ್ಚುಗೆಯ ಮಾತಾಡಿದೆವು.

ಕಿಟಕಿಯಾಚೆಯ ನೋಟ ಅವನನ್ನು ಕೆರಳಿಸುತ್ತಿದ್ದುದರಿಂದ ತಾಯಿಯವರ ಮತ್ತೊಂದು ಸೀರೆ ಪರದೆಯಾಯಿತು. ಕ್ರೇಟ್‌ನ ಎರಡು ಪಕ್ಕಗಳಿಗೆ ಅದನ್ನು ಇಳಿಬಿಟ್ಟು, ಮುಂದಣ ಹಿಂದಣ ಕಿಂಡಿಗಳನ್ನು ಗಾಳಿಗಾಗಿ ತೆರೆದಿಟ್ಟೆವು. ಟ್ರಕ್ಕು ಕಾಣದಾದಾಗ ಬೊಗಳುವ ಕಾರಣವೂ ಇಲ್ಲವಾಯಿತು. ಹೊರಡುವ ಮುನ್ನ ಅರ್ಧ ಗಂಟೆಯ ನಡಿಗೆ, ಹೊರಡುವುದಕ್ಕೆ ಕೆಲವು ಗಂಟೆ ಮೊದಲೇ ಮುಗಿದ ಹಗುರವಾದ ಊಟ, ಎರಡು ಗಂಟೆಗೊಮ್ಮೆ ನೀರು ಮತ್ತು ವಿಶ್ರಾಂತಿ: ಇದು ನಮ್ಮ ನಿಯಮವಾಯಿತು.

ಹಾದಿಯಲ್ಲಿ ನೆನಪಿಡಬೇಕಾದವು

ನಾಯಿಗಳು ತಪ್ಪಿಸಿಕೊಳ್ಳಲು ರೆಸ್ಟ್ ಏರಿಯಾಕ್ಕಿಂತ ಸುಲಭವಾದ ಸ್ಥಳವಿಲ್ಲ. ಬಾಗಿಲು ತೆರೆದ ಮೇಲೆ ಲೀಷ್ ಹುಡುಕುವುದಲ್ಲ. ಲೀಷ್ ತೊಡಿಸಿ, ಅದರ ಕುಣಿಕೆ ಕೈಯಲ್ಲಿ ಭದ್ರವಾದ ಮೇಲೆ ನಾಯಿಯನ್ನು ಇಳಿಸುವುದು. ಕೊರಳಪಟ್ಟಿಯಲ್ಲಿ ಈಗಿನ ದೂರವಾಣಿ ಸಂಖ್ಯೆ ಇರಲಿ. ಚರ್ಮದಡಿ ಸೇರಿಸುವ ಅಕ್ಕಿಕಾಳಿನಷ್ಟು ಗಾತ್ರದ ಮೈಕ್ರೋಚಿಪ್‌ನಿಂದ ಪ್ರಯೋಜನವಾಗುವುದು, ಮನೆ ಬದಲಿಸಿದಾಗ ಅದರ ದಾಖಲೆಯನ್ನೂ ಬದಲಿಸಿದರೆ ಮಾತ್ರ.

ಬೇಸಗೆಯ ವಿಷಯ ಬೇರೆಯೇ. ಹೊರಗೆ 70 ಡಿಗ್ರಿ ಫ್ಯಾರನ್‌ಹೀಟ್‌ನ ಹಿತವಾದ ಹವೆಯಿದ್ದರೂ, ಬಿಸಿಲಿನಲ್ಲಿ ಮುಚ್ಚಿ ನಿಂತ ಕಾರಿನೊಳಗೆ ಅರ್ಧ ಗಂಟೆಯಲ್ಲಿ 100 ಡಿಗ್ರಿಯನ್ನು ಮೀರುತ್ತದೆ. ಕಿಟಕಿಯನ್ನು ಬೆರಳಷ್ಟು ತೆರೆದಿಟ್ಟರೆ ಹೇಳಿಕೊಳ್ಳುವಂತಹ ವ್ಯತ್ಯಾಸವಾಗದು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವ ಸೌಕರ್ಯವಿಲ್ಲ. ಏದುಸಿರೊಂದೇ ಅದರ ಮುಖ್ಯ ಆಸರೆ. ಕ್ರೇಟ್‌ನಲ್ಲಿರುವ ನಾಯಿಗೆ ನೆರಳಿಗೆ ಸರಿಯುವ ಅವಕಾಶವೂ ಇಲ್ಲವೆಂಬುದನ್ನು ಮರೆಯಬಾರದು. ಊಟಕ್ಕೆ ನಿಂತಾಗ ನಮ್ಮಲ್ಲೊಬ್ಬರು ಅವನ ಜೊತೆಗೇ ಇರುತ್ತೇವೆ.

ನಮ್ಮ ಬುತ್ತಿಯ ವಿಷಯವನ್ನೂ ಹೇಳಬೇಕು. ಕೇಸರಿಬಾತಿನ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಉಪ್ಪಿಟ್ಟಿನ ಈರುಳ್ಳಿ ಅದರ ರಕ್ತಕ್ಕೆ ಹಾನಿಕರ. ಬಿಡುಬೀಸಾಗಿ ಓಡಾಡುವ ನಾಯಿ ಮೊದಲು ಪತ್ತೆ ಹಚ್ಚುವುದು ಡಬ್ಬಿಯ ಚೀಲವನ್ನೇ.

ಕಾನೂನು ಊರಿಗೊಂದು ರೀತಿ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಕಾರಿನೊಳಗೆ ನಾಯಿಯನ್ನು ಕಟ್ಟಲೇಬೇಕೆಂಬ ನಿಯಮವಿಲ್ಲ. ಹವಾಯಿಯಲ್ಲಿ ತೊಡೆಯ ಮೇಲೆ ಪ್ರಾಣಿಯನ್ನಿಟ್ಟುಕೊಂಡು ವಾಹನ ನಡೆಸುವುದು ಅಪರಾಧ. ಬ್ರಿಟನ್ನಿನ ಹೈವೇ ಕೋಡ್‌ನ 57ನೆಯ ನಿಯಮವು ವಾಹನದಲ್ಲಿ ನಾಯಿಯನ್ನು ತಕ್ಕ ರೀತಿಯಲ್ಲಿ ಬಂಧಿಸಿರಬೇಕೆಂದು ಹೇಳುತ್ತದೆ. ಕಾನೂನಿಲ್ಲದ ಕಡೆ ಭೌತಶಾಸ್ತ್ರದ ನಿಯಮವಾದರೂ ಇದ್ದೇ ಇರುತ್ತದೆ. ಅದಕ್ಕೆ ರಾಜ್ಯಗಳ ಗಡಿಯಿಲ್ಲ.

ಪರೀಕ್ಷೆಯ ಒಂದು ಕ್ಷಣ

ಕರಿಯನ ಮೊದಲ ದೊಡ್ಡ ಪ್ರಯಾಣ ಮಗಳು ಓದುತ್ತಿದ್ದ ಕೊಲಂಬಸ್‌ಗೆ. ನಮ್ಮ ಮನೆಯಿಂದ ಸುಮಾರು 200 ಮೈಲಿ. ಟೊಲೀಡೊ ದಾಟಿದ ಮೇಲೆ ನಮ್ಮ ಮುಂದಿದ್ದ ಟ್ರಕ್ಕಿನ ಟೈರು ಸಿಡಿದು ಅದರ ಪಟ್ಟೆಗಳು ರಸ್ತೆಯ ಮೇಲೆ ಹರಡಿದವು. ಮುಂದಿನ ಕಾರುಗಳ ಕೆಂಪು ದೀಪಗಳು ಒಮ್ಮೆಗೇ ಹೊತ್ತಿಕೊಂಡವು. ನಾನು ಬ್ರೇಕನ್ನು ಪೂರ್ತಿಯಾಗಿ ಒತ್ತಿದೆ. ನನ್ನ ಪತ್ನಿಯ ಕೈಚೀಲ, ಚಹಾದ ಫ್ಲಾಸ್ಕು, ಚಕ್ಕುಲಿಯ ಡಬ್ಬಿ ಎಲ್ಲವೂ ಮುಂದಕ್ಕೆ ಹಾರಿ ನಮ್ಮ ಕಾಲ ಬಳಿ ಬಿದ್ದವು. ಹಿಂದಿನ ಸೀಟಿನಲ್ಲಿ ತಾಯಿಯವರ ಬೆಲ್ಟ್ ಬಿಗಿದು ಅವರನ್ನು ಹಿಡಿದು ನಿಲ್ಲಿಸಿತು. ಅವರ ತಲೆಯ ಹಿಂದೆ ಎರಡು ಅಡಿ ದೂರದಲ್ಲಿದ್ದ ಕ್ರೇಟ್ ಒಂದಂಗುಲವೂ ಜರುಗಲಿಲ್ಲ.

ಕಾರು ನಿಂತ ಮೇಲೆ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ತಾಯಿಯವರು ಕಷ್ಟಪಟ್ಟು ಹಿಂದಿರುಗಿ ನೋಡಿದರು. ಕರಿಯ ಎದ್ದು ನಿಂತು ಒಮ್ಮೆ ಮೈ ಕೊಡವಿ, ಸೀರೆಯ ಮೇಲೆ ಸುತ್ತು ಹಾಕಿ ಮತ್ತೆ ಮಲಗಿದ. “ಅವನು ಮಲಗಿದಾನೆ. ನೀನು ನಿಧಾನ ಹೋಗು” ಎಂದರು. ಕೋಳಿ ಗೂಡಿನ ಮಾತು ಆ ದಿನದಿಂದ ನಮ್ಮ ಮನೆಯಲ್ಲಿ ಕೇಳಿಬರಲಿಲ್ಲ.

ಕನ್ನಡ ನಾಡು ನಾಯಿಯ ನಿಷ್ಠೆಯನ್ನು ಕಲ್ಲಿನಲ್ಲಿ ಕೆತ್ತಿದ ನಾಡು. ಹತ್ತನೆಯ ಶತಮಾನದ ಆತಕೂರಿನ ಶಾಸನವನ್ನು ಬಲ್ಲವರು ಬಲ್ಲರು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗನು ಬೇಕಾದುದನ್ನು ಕೇಳೆಂದಾಗ, ಆ ವೀರನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ಕಾಡುಹಂದಿಯೊಂದರೊಡನೆ ಹೋರಾಡಿ ಅದನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಂದಿನವರು ಮಡಿದ ನಾಯಿಗೆ ಕಲ್ಲು ನಿಲ್ಲಿಸಿ ಗೌರವ ತೋರಿದರು. ನಮ್ಮ ನಾಯಿಗಳು ಯಾವ ಯುದ್ಧಕ್ಕೂ ಹೋಗುವುದಿಲ್ಲ. ಹೆಚ್ಚೆಂದರೆ ಉದ್ಯಾನಕ್ಕೆ ಹೋಗಿ ಚೆಂಡು ಕಚ್ಚಿಕೊಂಡು ಬರುತ್ತವೆ. ಅವು ಹೋದಂತೆಯೇ ಮನೆಗೆ ಮರಳುವ ಹಾಗೆ ನೋಡಿಕೊಂಡರೆ ಅದೇ ನಾವು ತೋರುವ ಗೌರವ.

ಈ ಸಮ್ಮೇಳನಕ್ಕೆ ನೂರಾರು ಮೈಲಿ ಕಾರಿನಲ್ಲಿ ಬಂದವರಿದ್ದೀರಿ. ನಾಯಿಯನ್ನು ಸ್ನೇಹಿತರ ಮನೆಯಲ್ಲಿ ಬಿಟ್ಟು ಬಂದವರೂ ಉಂಟು. ಹಿಂದಿರುಗಿದ ಮೇಲೆ ಅದನ್ನು ಕರೆತರಲು ಹೋಗುವಾಗ, ಕಾರಿನಲ್ಲಿ ಅದು ಎಲ್ಲಿ ಕೂರುತ್ತದೆ, ಹೇಗೆ ಕೂರುತ್ತದೆ ಎಂಬುದನ್ನು ಒಮ್ಮೆ ಯೋಚಿಸಿರೆಂದು ಕೋರುತ್ತೇನೆ. ಹೊಸದಾಗಿ ಅಭ್ಯಾಸ ಮಾಡಿಸುವವರು ಆರು ವಾರಗಳನ್ನಾದರೂ ಮೀಸಲಿಡಿ, ಮನೆಯಲ್ಲಿ ಹಳೆಯ ನೂಲಿನ ಸೀರೆಯಿದ್ದರೆ ಎಸೆಯದಿರಿ. ಎಲ್ಲರ ಪ್ರಯಾಣವೂ ಸುಖಕರವಾಗಲಿ.